ಸತ್ಯವತಮ್ಮನ ರೆಸಿಡೆನ್ಸಿ

ತಾಯಿ ಗುಟ್ಟಾಗಿ ಗಂಟುಮೂಟೆ ಕಟ್ಟುತ್ತಿದ್ದಾರೆ ಎಂಬ ಅನುಮಾನ ಆನಂದತೀರ್ಥನಿಗೆ ಹುಟ್ಟಿದ್ದು ಒಂದು ಭಾನುವಾರ, ಅವರ ಮಂಚದ ಕೆಳಗಿದ್ದ ಸೂಟ್‌ಕೇಸಿಗೆ ಕಾಲು ತಾಗಿದಾಗ. ಖಾಲಿ ಸೂಟ್‌ಕೇಸು ಹಾಗೆ ಜಗ್ಗದೆ ಕೂರುವುದಿಲ್ಲ.

ಸತ್ಯವತಮ್ಮ ಮೈಸೂರಿನಿಂದ ಸಾಂಟಾ ಕ್ಲಾರಾಕ್ಕೆ ಬಂದು ಹತ್ತು ತಿಂಗಳಾಗಿತ್ತು. ಹಿಂದಿನ ವರ್ಷ, 1985ರಲ್ಲಿ, ಗಂಡ ತೀರಿಕೊಂಡ ಮೇಲೆ ಮಗನೇ ಹಟ ಹಿಡಿದು ಕರೆಸಿಕೊಂಡಿದ್ದ. ಚಿಪ್ ಕಂಪನಿಯಲ್ಲಿ ಎಂಜಿನಿಯರು, ಅಮೆರಿಕದ ಪೌರ. ತಾಯಿಗೆ ಗ್ರೀನ್ ಕಾರ್ಡಿನ ಅರ್ಜಿ ಹಾಕಿ, ಇನ್ನು ಅವರ ಬಾಳು ಸುಖವಾಗಿರುತ್ತದೆಂದು ನಿಶ್ಚಿಂತನಾಗಿದ್ದ.

ಈಗ ನೋಡಿದರೆ ಒಂದೊಂದೇ ನೆನಪಾಗತೊಡಗಿತು. ಸತ್ಯವತಮ್ಮ ಮೈಸೂರಿನಲ್ಲಿದ್ದ ತಮ್ಮನಿಗೆ ಬರೆದು ಜನನ ಪ್ರಮಾಣಪತ್ರ, ಪೊಲೀಸರ ನಡತೆ ಪತ್ರ ತರಿಸಿಕೊಂಡಿದ್ದರು. ಗ್ರೀನ್ ಕಾರ್ಡಿಗಿರಬೇಕು ಎಂದು ಅವನು ಕೇಳಿರಲಿಲ್ಲ. ಮಂಗಳವಾರ, ಶುಕ್ರವಾರ ಸಂಜೆ ಸೊಸೆ ರಮಾ ಅವರನ್ನು ಎಲ್ಲಿಗೋ ಕರೆದೊಯ್ಯುತ್ತಿದ್ದಳು. ಕೇಳಿದರೆ, "ಲೈಬ್ರರಿಗೆ" ಎನ್ನುತ್ತಿದ್ದಳು. ಒಮ್ಮೆ ಅತ್ತೆ ಹೇಳುತ್ತಿದ್ದ ಉದ್ದನೆಯ ಕಾಗದವನ್ನು ಅವಳು ಟೈಪ್ ಮಾಡುತ್ತಿದ್ದಳು. ಇವನು ಬಂದದ್ದೇ ಇಬ್ಬರ ಬಾಯಿಯೂ ಬಂದ್. ಮೊನ್ನೆ ಮೊಣಕಾಲಿನವರೆಗೆ ಬರುವ ಉಣ್ಣೆಯ ಕೋಟೊಂದು ಮನೆಗೆ ಬಂತು.

"ಸ್ಯಾನ್ ಫ್ರಾನ್ಸಿಸ್ಕೋ ಚಳಿ ನಿಮಗೆ ಗೊತ್ತಲ್ಲ" ಎಂದಳು ರಮಾ.

"ನಿಜ ಹೇಳು. ಅಮ್ಮ ಊರಿಗೆ ಹೊರಟಿದಾಳಾ?"

"ಊರಿಗಾ? ಇಲ್ಲ ರೀ. ರೆಸಿಡೆನ್ಸಿ ಸಿಗೋವರೆಗೂ ಎಲ್ಲಿಗೂ ಕದಲಲ್ಲ ಅಂದಿದಾರೆ ಅತ್ತೆ."

ರೆಸಿಡೆನ್ಸಿ, ಅಂದರೆ ನೆಲೆಸುವ ಪರವಾನಗಿ, ಗ್ರೀನ್ ಕಾರ್ಡಿನ ಮಾತೇ ಎಂದುಕೊಂಡ ಆನಂದತೀರ್ಥ. ಆದರೂ ತಾಯಿಯನ್ನು ಒಲಿಸಿಕೊಳ್ಳಲು ಹೊರಟ. ಎಲ್ ಕಮೀನೋ ರಸ್ತೆಯ ಇಂಡಿಯನ್ ಅಂಗಡಿಯಿಂದ ಹುರುಳಿಕಾಳು, ಕರಿಬೇವು ಹೊತ್ತು ತಂದ. ಎರಡು ದಿನ ಆಫೀಸಿನಿಂದ ಬೇಗ ಬಂದು ಎದುರಿಗೆ ಕೂತ. ಹತ್ತು ನಿಮಿಷದಲ್ಲಿ ಮಾತು ಮುಗಿಯಿತು. ಎರಡನೆಯ ದಿನ ಐದೇ ನಿಮಿಷ.

ಮೂರನೆಯ ದಿನ ಸತ್ಯವತಮ್ಮನೇ ಮಾತು ತೆಗೆದರು. "ಗುರುವಾರ ರೆಸಿಡೆನ್ಸಿ ವಿಷಯಕ್ಕೆ ಸ್ಯಾನ್ ಫ್ರಾನ್ಸಿಸ್ಕೋಗೆ ಕರೆದಿದಾರೆ. ರಮಾಗೆ ಏನೋ ಮೀಟಿಂಗಂತೆ. ನೀನೇ ಬಾರೋ. ನೀನು ಇದ್ದರೆ ಒಳ್ಳೇದು."

"ನಂಗೆ ಕಾಗದವೇ ಬಂದಿಲ್ವಲ್ಲಮ್ಮ!"

"ನನ್ನ ಹೆಸರಿಗೇ ಬಂತು."

ಅವನಿಗೆ ಹೋದ ಜೀವ ಬಂದಂತಾಯಿತು. ರಜೆ ಹಾಕಿದ. ಗುರುವಾರ ಫ್ರೀವೇ ಹತ್ತಿದ್ದೇ ತಾಯಿಗೆ ಪಾಠ ಶುರು ಮಾಡಿದ.

"ಎಷ್ಟು ದಿನ ಇರ್ತೀಯ ಅಂತ ಕೇಳ್ತಾರೆ. ಶಾಶ್ವತವಾಗಿ ಅನ್ನು."

"ಸುಳ್ಳು ಯಾಕೆ ಹೇಳ್ಲಿ? ಎರಡು ವರ್ಷ ಅಂತ ಬರೆದುಕೊಟ್ಟಿದೀನಿ."

ಕಾರು ಪಕ್ಕದ ಲೇನಿಗೆ ವಾಲಿತು. ಹಿಂದಿನವನು ಹಾರ್ನ್ ಹೊಡೆದ.

"ಎರಡೇ ವರ್ಷಾನಾ? ಯಾಕಮ್ಮ, ರಮಾ ಏನಾದ್ರೂ ಅಂದಳಾ?"

"ಬಂಗಾರದಂಥ ಹುಡುಗಿ. ಅವಳಿಲ್ಲದಿದ್ರೆ ಇಷ್ಟು ದೂರ ಬರಕ್ಕೇ ಆಗ್ತಿರಲಿಲ್ಲ."

"ಮತ್ತೆ ಏನು ಕೊರತೆ?"

ಸತ್ಯವತಮ್ಮ ಕಿಟಕಿಯಾಚೆ ನೋಡಿದರು. "ಬೆಳಿಗ್ಗೆ ಎಂಟಕ್ಕೆ ನೀವಿಬ್ಬರೂ ಹೋಗ್ತೀರಿ. ಸಂಜೆ ಆರಕ್ಕೆ ಬರ್ತೀರಿ. ಅಲ್ಲೀವರೆಗೂ ಎಷ್ಟು ಅಂತ ಸಾರು ಮಾಡ್ಲೋ ಆನಂದ? ಊರಲ್ಲಿ ದಿನಾ ಹತ್ತು ತಾಳೆಗರಿ ಓದ್ತಿದ್ದೆ."

"ತಾಳೆಗರಿಯ ಆ ಹಳೇ ನಂದಿನಾಗರಿ ಲಿಪಿ ಓದೋದು ಅಪ್ಪನ ಕೆಲಸ ಅಲ್ವಾ?"

"ನಿಮ್ಮಪ್ಪನ ಕಣ್ಣು ಮಂಜಾಗಿ ಹದಿನೈದು ವರ್ಷ ಆಗಿತ್ತು ಕಣೋ. ನಾನು ಓದ್ತಿದ್ದೆ, ಅವರು ಅರ್ಥ ಹೇಳ್ತಿದ್ರು. ಕೊನೆಕೊನೆಗೆ ಅರ್ಥಾನೂ ನಾನೇ."

ಆನಂದತೀರ್ಥನಿಗೆ ಇದು ಗೊತ್ತಿರಲಿಲ್ಲ. ತಾಯಿಯನ್ನು ಕಳೆದುಕೊಳ್ಳುವುದಿಲ್ಲ, ಆ ಎರಡು ವರ್ಷವನ್ನು ಹೇಗಾದರೂ ಹೊಡೆದುಹಾಕಿಸುತ್ತೇನೆ ಎಂದು ಅವನು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡ.

ತಾಯಿ ಹೇಳಿದ ಕಟ್ಟಡದ ಮೆಟ್ಟಿಲ ಮುಂದೆ ಅವರನ್ನು ಇಳಿಸಿ, ಪಾರ್ಕಿಂಗ್ ಹುಡುಕಿಕೊಂಡು ಗುಡ್ಡ ಹತ್ತಿಳಿದ. ಇಪ್ಪತ್ತು ನಿಮಿಷ ಹಿಡಿಯಿತು. ಅಕ್ಕಪಕ್ಕ ನೋಡದೆ ಒಳಗೆ ಓಡಿದ. ಗೋಡೆಯ ಮೇಲೆ ಹಿಮ ಮುಚ್ಚಿದ ಕೋಟೆಯ ಚಿತ್ರ. ಅದರ ಕೆಳಗಿನ ಕೌಂಟರಿನಲ್ಲಿ ನರೆಗೂದಲಿನ ಹೆಂಗಸೊಬ್ಬರು, ಎದುರಿಗೆ ತಾಯಿ.

"ಮೇಡಂ, ನಾನು ಇವರ ಮಗ" ಎಂದು ಏದುಸಿರು ಬಿಡುತ್ತಲೇ ಇಂಗ್ಲಿಷಿನಲ್ಲಿ ಶುರು ಮಾಡಿದ. "ಎರಡು ವರ್ಷ ಅಂತ ಬರೆದಿರೋದನ್ನ ದಯವಿಟ್ಟು ತಿದ್ದಿಬಿಡಿ. ಇವರನ್ನ ಶಾಶ್ವತವಾಗಿ ಇಟ್ಕೊಳ್ಳಿ. ಎಲ್ಲಿ ಬೇಕಾದರೂ ಸಹಿ ಹಾಕ್ತೀನಿ."

ಆಕೆ ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಆಮೇಲೆ ಸತ್ಯವತಮ್ಮನ ಕಡೆ ತಿರುಗಿ ಏನೋ ಕೇಳಿದರು. ಅದು ಇಂಗ್ಲಿಷಲ್ಲ. ಸತ್ಯವತಮ್ಮ ಸೆರಗು ಸರಿಮಾಡಿಕೊಂಡು, ಒಂದೊಂದೇ ಪದ ಹುಡುಕಿ, ಅದೇ ಭಾಷೆಯಲ್ಲಿ ಉತ್ತರ ಕೊಟ್ಟರು. ಆಕೆ ಜೋರಾಗಿ ನಕ್ಕುಬಿಟ್ಟರು. ಸತ್ಯವತಮ್ಮನೂ ನಕ್ಕರು. ಈ ಹತ್ತು ತಿಂಗಳಲ್ಲಿ ತಾಯಿ ಹೀಗೆ ನಕ್ಕಿದ್ದನ್ನು ಆನಂದತೀರ್ಥ ನೋಡಿರಲಿಲ್ಲ.

"ಅಮ್ಮ, ಇದ್ಯಾವ ಭಾಷೆ?"

"ಮಂಗಳವಾರ, ಶುಕ್ರವಾರ ಕಲಿತದ್ದು. ಮೊದಲೇ ಹೇಳಿದ್ದರೆ ನೀನು ಬಿಡ್ತಿದ್ದೆಯೇನೋ?"

ಕೌಂಟರಿನ ಹೆಂಗಸು ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ, ಸತ್ಯವತಮ್ಮನ ಕೈಗೆ ಕೊಟ್ಟು, ಅವನಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು.

"ಶಾಶ್ವತವಾಗಿ ಇಟ್ಟುಕೊಳ್ಳೋಕೆ ನಮಗೂ ಆಸೆಯೇ ಸರ್, ಆದರೆ ಪಶ್ಚಿಮ ಜರ್ಮನಿಯ ಯೂನಿವರ್ಸಿಟಿಗೆ ತಾಳೆಗರಿ ಓದೋದು ಕಲಿಸೋಕೆ ಬರೋರಿಗೆ ಮೊದಲು ಕೊಡೋದು ಎರಡೇ ವರ್ಷ."