ಕಾಶವ್ವನ ನೆನಪಿನ ಅಂಚು

ಮೊಮ್ಮಗಳ ಮದುವೆಯಲ್ಲಿ ತೋರಿಸಲೆಂದು ಕಾಶವ್ವ, ಗಂಡಿನವರು ತನ್ನನ್ನು ನೋಡಲು ಬಂದ ದಿನದ ನೆನಪಿನ ಒಂದು ಪ್ರತಿಯನ್ನು ತಲೆಯಿಂದ ತೆಗೆಸಿ, ಕತ್ತರಿ ಅಂಗಡಿಯಲ್ಲಿ ಬೇಡದ್ದನ್ನೆಲ್ಲ ಕತ್ತರಿಸಿಕೊಂಡಿದ್ದಳು. ಹಳೆಯ ನೆನಪು, ಬಣ್ಣ ಹೋಗಿತ್ತು. ಅದಕ್ಕೇ ಗಂಡ ಅಡಿವೆಪ್ಪನೊಂದಿಗೆ ಎದುರಿನ ಬಣ್ಣದಂಗಡಿಗೆ ಬಂದಳು.

ಪರದೆಯ ಮೇಲೆ ಆಕೆ ಅಂದು ಕಂಡದ್ದಷ್ಟೇ ಮೂಡಿತು: ಚಹಾದ ತಟ್ಟೆ, ನೆಲ, ತನ್ನದೇ ಕಾಲ್ಬೆರಳು.

"ನೋಡ್ರಿ, ನಾ ಇವರ ಮಾರಿ ಸೈತ ನೋಡಿರಲಿಲ್ಲ. ಅಪ್ಪ ಹೂಂ ಅಂದ, ನಾನೂ ಹೂಂ ಅಂದೆ," ಎಂದಳು ಕಾಶವ್ವ ಅಂಗಡಿಯಾಕೆಗೆ.

ಮದುವೆಯಾದಾಗಿನಿಂದ ಅಡಿವೆಪ್ಪ ಕೇಳುತ್ತ ಬಂದ ಮಾತು ಅದು.

ಅಷ್ಟರಲ್ಲಿ ಪರದೆಯ ಮೇಲೆ ಕಿಟಕಿಯ ಸಂದು ಬಂತು. ಆಚೆ ಅಂಗಳದಲ್ಲಿ ಹರೆಯದ ಅಡಿವೆಪ್ಪ ಮೀಸೆ ತಿದ್ದಿಕೊಳ್ಳುತ್ತಿದ್ದ. ಅವನ ಮೇಲಿಂದ ನೋಟ ಅಲುಗಲೇ ಇಲ್ಲ.

"ಅಯ್ಯ, ಅದನ್ನ ಕತ್ತರಿಸಿದ್ದೆನಲ್ಲ!"

"ಕತ್ತರಿಸಿದ್ದರ ಅಂಚು ಸ್ವಲ್ಪ ಕೂಡೇ ಬರ್ತದವ್ವಾ, ಬಣ್ಣ ಹೊಂದಿಸಾಕ ಬೇಕಾಗ್ತದ," ಎಂದಳು ಅಂಗಡಿಯ ಮುಮ್ತಾಜ್. "ವಾಪಸ್ ಕೊಡೂಮುಂದ ತೆಗೀತೀನಿ."

"ತೆಗೀಬ್ಯಾಡವಾ," ಎಂದ ಅಡಿವೆಪ್ಪ. "ಏನ ಕಾಶಿ, ಏನು ನೋಡಾಕತ್ತಿದ್ದಿ?"

"ಕಿಟಕಿಗೆ ಜೇಡ ಬಲಿ ಕಟ್ಟಿತ್ತು, ಅದನ್ನ."

ಮುಮ್ತಾಜ್ ನಗು ತಡೆದುಕೊಂಡು ಪರದೆಯ ಮೇಲಿನ ಹುಡುಗನ ಅಂಗಿಗೆ ಬಣ್ಣ ಹಚ್ಚತೊಡಗಿದಳು.

"ಅಷ್ಟು ಗಾಢ ಅಲ್ಲ," ಕಾಶವ್ವ ತಟ್ಟನೆ ಅಂದಳು. "ತಿಳಿ ನೀಲಿ. ಕಾಲರ್ ಹತ್ರ ಒಂಚೂರು ಬೆಳ್ಳಗಾಗಿತ್ತು."