ಮೀಸೆಯ ಕರಾರು

ಅಳತೆ ನೋಡಲು ಅಕ್ಕನ ಮಗಳು ಹೊಸ ಬಿಳಿ ಕೋಟು ಹಿಡಿದು ಪರದೆಯ ಹಿಂದೆ ಹೋದದ್ದೇ ತಡ, ಹೆಂಡತಿ ಟೈಲರ್ ಮಾವನ ಪಕ್ಕೆಗೆ ತಿವಿದಳು.

“ಈಗ ಹೊರಗೆ ಬರ್ತಾಳೆ. ಹುಟ್ಟುಹಬ್ಬದ ದುಡ್ಡು ಇನ್ನು ಮೇಲೆ ಇಲ್ಲ ಅಂತ ಹೇಳಿಬಿಡಿ.”

“ಹೇಳ್ತೀನಿ ಇರೇ.”

“ಹೋದ ವರ್ಷವೂ ಹೀಗೇ ಅಂದು, ನೋಟಿನ ಜೊತೆ ಬಸ್ ಚಾರ್ಜೂ ಕೊಟ್ಟು ಕಳಿಸಿದ್ರಿ.”

ತಪ್ಪೆಲ್ಲ ಮಾವನ ನಾಲಿಗೆಯದೇ. ಬಹಳ ಹಿಂದೆ, ಅಕ್ಕ-ತಂಗಿಯರ ಮಕ್ಕಳೆಲ್ಲ ಹುಟ್ಟುಹಬ್ಬ ಬಂತೆಂದರೆ ಅಂಗಡಿಗೆ ಓಡಿ ಬಂದು ಕೈ ಚಾಚುತ್ತಿದ್ದಾಗ, ಅವನೇ ಒಂದು ಕರಾರು ಹಾಕಿದ್ದ: “ಮೀಸೆ ಚಿಗುರಿದ ದಿನ ದುಡ್ಡು ಬಂದ್!” ಗಂಡುಹುಡುಗರೆಲ್ಲ ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ಒಬ್ಬ ಭೂಪ ಕದ್ದು ಬೋಳಿಸಿಕೊಂಡು ಬಂದನಾದರೂ ಬ್ಲೇಡಿನ ಗೀರು ಅವನ ಗುಟ್ಟು ರಟ್ಟು ಮಾಡಿತು. ಆದರೆ ಆ ಗುಂಪಿನಲ್ಲಿ ಎರಡು ಜಡೆಯದೊಂದು ನಿಂತಿದ್ದು ಕರಾರು ಹಾಕುವಾಗ ಮಾವನ ಕಣ್ಣಿಗೆ ಬಿದ್ದಿರಲಿಲ್ಲ. ಅಂಗಡಿಯ ಗುಂಡಿ ನುಂಗಿ ಗುಂಡಿ ಅಂತಲೇ ಹೆಸರಾದ ಆ ಹುಡುಗಿ ಈಗ ಹಲ್ಲಿನ ಡಾಕ್ಟರು. ಮೂವತ್ತು ದಾಟಿದರೂ ವರ್ಷಕ್ಕೊಮ್ಮೆ ತಪ್ಪದೆ ಬಂದು, ಮೇಲ್ದುಟಿ ಸವರಿಕೊಂಡು, “ಇನ್ನೂ ಚಿಗುರಿಲ್ಲ ಮಾವ” ಅನ್ನುತ್ತಾಳೆ. ಆಡಿದ ಮಾತಿಗೆ ತಪ್ಪುವ ಜಾಯಮಾನ ಮಾವನದಲ್ಲ.

“ಅವಳು ಒಂದು ಹಲ್ಲು ಕಿತ್ತರೆ ಬರೋ ದುಡ್ಡು ನೀವು ವಾರವೆಲ್ಲ ಹೊಲಿದರೂ ಬರಲ್ಲ,” ಹೆಂಡತಿ ಪಿಸುಗುಟ್ಟಿದಳು. ಅವಳ ಪಿಸುಮಾತು ಎದುರು ಸಾಲಿನ ಚಪ್ಪಲಿ ಅಂಗಡಿಗೂ ಕೇಳಿಸುವಂಥದ್ದು. “ಎಲ್ಲರೂ ರೆಡಿಮೇಡ್ ತಗೊಳ್ಳೋ ಕಾಲ. ಅಂಗಡಿ ಬಾಡಿಗೆ ಕಟ್ಟೋದೇ ಕಷ್ಟ ಆಗಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.”

“ಮೆಲ್ಲಗೆ ಕಣೇ!”

ಮಾವನ ಮುಖ ಕಪ್ಪಿಟ್ಟಿತು. ಅಂಗಡಿ ಸೊರಗಿರುವುದು ಯಾರಿಗೆ ಗೊತ್ತಾದರೂ ಸರಿ, ಗುಂಡಿಗೆ ಗೊತ್ತಾಗಬಾರದು. ಅಷ್ಟು ಮಕ್ಕಳಲ್ಲಿ ಅವನ ಮುಂದೆ ಇನ್ನೂ ಕೈ ಚಾಚುವವಳು ಅವಳೊಬ್ಬಳೇ ಉಳಿದಿದ್ದಳು. ಅವಳೆದುರು ಮಾತ್ರ ಅವನು ಈಗಲೂ ಕೊಡುಗೈ ಮಾವ.

ಪರದೆಯ ಹಿಂದೆ ಸದ್ದಿಲ್ಲ. ಒಂದು ಕೋಟು ಹಾಕಿಕೊಳ್ಳಲು ಇಷ್ಟು ಹೊತ್ತೇ?

“ತೋಳು ಬಿಗಿಯಾಯ್ತೇನೇ ಗುಂಡಿ?”

ಪರದೆ ಸರಿಯಿತು. ಕೋಟು ಅಚ್ಚುಕಟ್ಟಾಗಿ ಕೂತಿತ್ತು. ಡಾಕ್ಟರಮ್ಮನ ಮೂಗಿನ ಕೆಳಗೆ ಮಾತ್ರ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ಬರೆದ ಭರ್ಜರಿ ಹುರಿಮೀಸೆ!

“ಕೆಟ್ಟೆ ಮಾವ,” ಅಂದಳು ಗುಂಡಿ, ಇಲ್ಲದ ತುದಿ ತಿರುವುತ್ತ. “ಒಳಗೆ ಕನ್ನಡಿ ನೋಡ್ಕೊಂಡೆ, ಚಿಗುರಿಬಿಟ್ಟಿದೆ. ಇನ್ನು ಯಾವ ಮುಖ ಇಟ್ಕೊಂಡು ದುಡ್ಡು ಕೇಳ್ಲಿ?”

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮಾವನೂ ನಕ್ಕ. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ. ಆದರೆ ನಗು ಅರ್ಧಕ್ಕೇ ನಿಂತಿತು. ಹುಡುಗಿ ಎಲ್ಲ ಕೇಳಿಸಿಕೊಂಡಿದ್ದಾಳೆ, ಅವನ ಮಾನ ಕಾಯಲೆಂದೇ ಹೀಗೆ ಮಾಡಿದ್ದಾಳೆ. ನಿಲ್ಲಿಸುತ್ತೇನೆ ಅಂತ ಹೆಂಡತಿಗೆ ಒಪ್ಪಿಕೊಂಡವನು ಅವನೇ. ನಿಂತೇಹೋಯಿತು ಅಂದಾಗ ಮಾತ್ರ, ನಿನಗಿನ್ನು ವಯಸ್ಸಾಯಿತು ಅಂತ ಯಾರೋ ಕೈಹಿಡಿದು ಕರೆದೊಯ್ದು ಮೂಲೆಯ ಕುರ್ಚಿಯಲ್ಲಿ ಕೂರಿಸಿದಷ್ಟು ಸಂಕಟವಾಯಿತು.

ಎದ್ದು ಹತ್ತಿರ ಹೋದ. ಬೆಳಿಗ್ಗೆಯೇ ಮಡಿಸಿಟ್ಟುಕೊಂಡಿದ್ದ ನೋಟನ್ನು ಅವಳ ಹೊಸ ಕೋಟಿನ ಜೇಬಿಗೆ ತುರುಕಿ, ಗದ್ದ ಹಿಡಿದು, ಹೆಬ್ಬೆರಳಿನಿಂದ ಮೀಸೆ ಒರೆಸತೊಡಗಿದ.

“ಇದನ್ನೆಲ್ಲ ಮೀಸೆ ಅಂತಾರೇನೇ? ನನ್ನ ಸೀಮೆಸುಣ್ಣ ನನಗೇ ತೋರಿಸ್ತೀಯಾ?”

“ಬೇಡ ಮಾವ, ಕೇಳಿ ಇಲ್ಲಿ...”

“ಅಲ್ಲಾಡಬೇಡ.”

ಹೆಂಡತಿಯ ಕಡೆ ತಿರುಗಿ ನೋಡುವ ಧೈರ್ಯ ಅವನಿಗಿರಲಿಲ್ಲ. ಬೆನ್ನ ಹಿಂದೆ ಅವಳು ದೊಡ್ಡದಾಗಿ ಉಸಿರುಬಿಟ್ಟದ್ದು ಕೇಳಿಸಿತು. ಹತ್ತಿರ ಬಂದು, ಗುಂಡಿಯ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿದಳು.

“ಎಡಗಡೆ ಇನ್ನೂ ಒಂದು ಚೂರು ಉಳಿದಿದೆ ನೋಡ್ರೀ. ಸರಿಯಾಗಿ ಒರೆಸಿ.”