ಎರಡನೇ ಜೋಡಿ

"ಕಣ್ಣು ಮುಚ್ಚಿ ತಲೆದೂಗೋ ನಾಟಕ ಎಲ್ಲ ನನ್ನ ಹತ್ರ ಬೇಡ, ಅಳಿಯಂದಿರೇ. ಆ ಗಾಜಿನ ಬುರುಡೆ ಹಾಕಿ, ಹಾಡು ಹಚ್ಚಿ. ಅಷ್ಟು ಸಾಕು," ಎಂದ ಮೇಷ್ಟ್ರು ಕುರ್ಚಿಯನ್ನು ಆಂಪ್ಲಿಫೈಯರಿಗೆ ಬೆನ್ನಾಗಿ ತಿರುಗಿಸಿ ಕೂತರು.

ಅಳಿಯ ಕೈಗೆ ಬಟ್ಟೆ ಸುತ್ತಿಕೊಂಡು ಹಳೆಯ ವಾಲ್ವುಗಳನ್ನು ಮೆಲ್ಲಗೆ ಅಲ್ಲಾಡಿಸಿ ಕೀಳುತ್ತಿದ್ದ. ಕಾವಿಗೆ ಕೂತ ಕೋಳಿಯ ಕೆಳಗಿನಿಂದ ಮೊಟ್ಟೆ ತೆಗೆಯುವವನ ಹಾಗೆ.

ಮೇಷ್ಟ್ರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಅವರ ಲೆಕ್ಕದಲ್ಲಿ ವಾಲ್ವ್ ಎಂದರೆ ಹಳೆಯ ರೇಡಿಯೋಗಳಲ್ಲಿದ್ದ ಗಾಜಿನ ಬುರುಡೆಯೊಳಗೆ ಕಾದ ತಂತಿ, ಅಷ್ಟೆ. ಲೋಕ ಅದನ್ನು ಮೂಲೆಗೆ ಎಸೆದು ಯಾವ ಕಾಲವಾಯಿತು. ಅಳಿಯ ಮಾತ್ರ ಮನೆಯ ಒಂದು ಕೋಣೆಯನ್ನೇ ಅದಕ್ಕೆ ಬಿಟ್ಟುಕೊಟ್ಟಿದ್ದ. ಹಳೆಯ ಜೋಡಿ ಸೋತಿದೆಯಂತೆ. ಬದಲಿಗೆ ಎರಡು ಜೋಡಿ ತರಿಸಿದ್ದ. ಒಂದು ಈಚೆಗೆ ತಯಾರಾದದ್ದು, ಅಗ್ಗದ್ದು. ಇನ್ನೊಂದು ಯಾರದೋ ಗೋದಾಮಿನಲ್ಲಿ ಡಬ್ಬಿ ಬಿಚ್ಚದೆ ವರ್ಷಗಟ್ಟಲೆ ಮಲಗಿದ್ದದ್ದು, ಕೈ ಸುಡುವ ಬೆಲೆಯದು. ಒಂದರ ದನಿ ಒಣಕಲಂತೆ, ಇನ್ನೊಂದರದು ಜೇನಂತೆ. ಶಬ್ದಕ್ಕೆ ರುಚಿ ಹಚ್ಚುವವರನ್ನು ಮೇಷ್ಟ್ರು ಕೈ ನೋಡಿ ಭವಿಷ್ಯ ಹೇಳುವವರ ಸಾಲಿನಲ್ಲೇ ಕೂರಿಸಿದ್ದರು.

ಪಂದ್ಯ ಕಟ್ಟಿದ್ದೂ ಅವರೇ. ಸೋಮವಾರದಿಂದ ಮಗಳು ಕೆಲಸಕ್ಕೆ ಮರಳಬೇಕು. ಮಗುವನ್ನು ನೋಡಿಕೊಳ್ಳಲು ಆಯಾ ಬೇಕೆಂದು ಅವಳ ಹಟ; ತಾತ ಬದುಕಿರುವಾಗ ಆಯಾ ಯಾಕೆಂದು ಇವರ ಹಟ. ಹೋದ ವಾರ ಅವಳು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮಗು ಅತ್ತು ಅತ್ತು ಕೆಂಪಾಗಿತ್ತಂತೆ, ಪಕ್ಕದ ಕೋಣೆಯಲ್ಲಿ ಇವರು ಆರಾಮವಾಗಿ ಪೇಪರು ಓದುತ್ತಿದ್ದರಂತೆ. ಆಗ ತಾನೇ ಎದ್ದ ಮಗುವಿನ ಮೇಲೆ ಇಷ್ಟು ದೊಡ್ಡ ಕಥೆ ಕಟ್ಟಬೇಕಾದರೆ ಆಯಾಗೆ ಮೊದಲೇ ಮಾತು ಕೊಟ್ಟಿರಬೇಕು ಎಂದುಕೊಂಡಿದ್ದರು ಮೇಷ್ಟ್ರು.

"ಎರಡು ಜೋಡಿಗೂ ಕಿವಿಗೆ ಗೊತ್ತಾಗೋ ವ್ಯತ್ಯಾಸ ಇದ್ರೆ ಕೋಣೆ ಈ ಪೆಟ್ಟಿಗೆಗೇ ಇರಲಿ, ಆಯಾನೂ ಬರಲಿ," ಎಂದಿದ್ದರು ಬೆಳಗಿನ ಕಾಫಿಯ ಹೊತ್ತಿಗೆ. "ಇಲ್ಲ ಅಂದ್ರೆ ಪೆಟ್ಟಿಗೆ ಆಚೆ, ತೊಟ್ಟಿಲು ಒಳಗೆ. ಮಗು ನನ್ನ ಸುಪರ್ದಿಗೆ."

"ಕೇಳಿ ಹೇಳೋರು ಯಾರು ಮಾವ?"

"ನಾನೇ. ದುಡ್ಡು ಕೊಟ್ಟವರ ಕಿವಿಗೆ ಎಲ್ಲವೂ ಜೇನೇ. ಇದು ಲ್ಯಾಬಲ್ಲಿ ಶ್ರುತಿಕವೆ ಬಡಿದು ಬಡಿದು ಹಣ್ಣಾದ ಕಿವಿ."

ಅಳಿಯ ಹೆಂಡತಿಯ ಮುಖ ನೋಡಿ ಒಪ್ಪಿಕೊಂಡಿದ್ದ. ನಿಯಮಗಳನ್ನು ಮೇಷ್ಟ್ರು ಪರೀಕ್ಷಾ ಕೊಠಡಿಯ ಗತ್ತಿನಲ್ಲಿ ಹೇಳಿದ್ದರು. ಯಾವ ಜೋಡಿ ಎಂದು ಹೇಳಕೂಡದು. ಹಾಡು ಮುಗಿಯುವವರೆಗೆ ಯಾರೂ ತುಟಿ ಬಿಚ್ಚಕೂಡದು, ಏನನ್ನೂ ಮುಟ್ಟಕೂಡದು.

ಮೊದಲ ಜೋಡಿ ಕಾಯಿತು. ಹಾಡು ಶುರುವಾಯಿತು. ತಗ್ಗಿದ ಹೆಣ್ಣುದನಿ, ಹಿಂದೆ ಪಿಟೀಲು. ಎದುರಿನ ಸೋಫಾದಲ್ಲಿ ಮಗಳು. ಅವಳ ತೊಡೆಯ ಮೇಲೆ ಮಗು ಬಾಯಿ ತೆರೆದು ನಿದ್ದೆ ಹೋಗಿತ್ತು.

"ಚೆನ್ನಾಗಿ ಹಾಡಿದಾಳೆ," ಎಂದರು ಮೇಷ್ಟ್ರು ಕೊನೆಗೆ. "ಅದಕ್ಕೆ ಬುರುಡೆಗೆ ಸನ್ಮಾನ ಮಾಡಬೇಕಾಗಿಲ್ಲ. ಮುಂದಿನದು."

ಎರಡನೇ ಜೋಡಿ ಕೂತಿತು. ಅದೇ ಹಾಡು, ಅದೇ ದನಿ, ಅದೇ ಪಿಟೀಲು.

ಮಗಳ ಅಭಿನಯ ಮಾತ್ರ ಬೇರೆ. ಹುಬ್ಬು ಗಂಟಿಕ್ಕಿದಳು. ತುಟಿ ಕಚ್ಚಿದಳು. ಗಂಡನತ್ತ ಕಣ್ಣಲ್ಲೇ ಏನೋ ಕೇಳಿದಳು. ಮಗು ಮುಖ ಹಿಂಡಿ ಅಳತೊಡಗಿತು. ಅದರ ತಲೆಯನ್ನು ಎರಡೂ ಅಂಗೈಗಳ ನಡುವೆ ಅವುಚಿಕೊಂಡಳು. ಮೇಷ್ಟ್ರಿಗೆ ನಗು ಬಂತು. ಗಂಡನನ್ನು ಗೆಲ್ಲಿಸಲು ಇವಳು ಹೆತ್ತ ಮಗುವನ್ನೂ ಚಿವುಟಬಲ್ಲಳು.

ಬೆನ್ನ ಹಿಂದೆ ಹೆಜ್ಜೆ ಸರಿಯಿತು.

"ಮುಟ್ಟಬೇಡಿ," ಎಂದರು ತಿರುಗದೆಯೇ.

"ಮಾವ, ಒಂದು ನಿಮಿಷ, ಇದು..."

"ಸೋಲೋರಿಗೆ ಯಾವಾಗಲೂ ಒಂದು ನಿಮಿಷ ಬೇಕು. ನಿಯಮ ಅಂದ್ರೆ ನಿಯಮ."

ಮೇಲಿನ ಮನೆಯವರು ಧಡ್ ಧಡ್ ಎಂದು ನೆಲ ಗುದ್ದಿದರು. ಒಳ್ಳೆಯ ಸಂಗೀತ ಕಂಡರಾಗದ ಜನ.

ಹಾಡು ಮುಗಿಯಿತು. ಮಗಳು ಮಗುವನ್ನು ಒಳಗೆ ಮಲಗಿಸಿ, ಬಾಗಿಲು ಎಳೆದುಕೊಂಡು ಬಂದಳು. ಮೇಷ್ಟ್ರು ಕುರ್ಚಿ ತಿರುಗಿಸಿದರು. ಅಳಿಯನ ಕೈ ಸ್ವಿಚ್ಚಿನ ಹತ್ತಿರ ಹೋಗಿತ್ತು. ಮಗಳು ಬೇಡವೆಂದು ತಲೆಯಾಡಿಸಿದಳು. ಕೈ ಅಲ್ಲೇ ನಿಂತಿತು. ಇನ್ನೊಂದು ಅವಕಾಶ ಕೇಳುವ ಹುನ್ನಾರವಿರಬೇಕು.

"ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ," ಎಂದು ತೀರ್ಪು ಕೊಟ್ಟರು. "ಮೊದಲನೇದು ಹೇಗೋ ಎರಡನೇದೂ ಹಾಗೇ. ಪೆಟ್ಟಿಗೆ ಕಟ್ಟಿ, ಅಳಿಯಂದಿರೇ. ನೀನು ಆಯಾಗೆ ಫೋನ್ ಮಾಡಿ ಬರೋದು ಬೇಡ ಅಂತ ಹೇಳಮ್ಮ."

ಇಬ್ಬರೂ ಕದಲಲಿಲ್ಲ.

"ಅಪ್ಪ, ನಿಜವಾಗ್ಲೂ ಏನೂ ಗೊತ್ತಾಗ್ಲಿಲ್ವಾ?" ಮಗಳು ದನಿ ಏರಿಸಿಯೇ ಕೇಳಿದಳು. ವಾದ ಸೋತವರ ಗಂಟಲು ದೊಡ್ಡದಾಗುವುದು ಮೇಷ್ಟ್ರಿಗೆ ಹೊಸದಲ್ಲ.

"ಇದ್ರೆ ತಾನೇ ಗೊತ್ತಾಗೋದು."

"ಈಗ?"

"ಈಗ ಏನು? ಹಾಡು ಮುಗಿದು ಎಷ್ಟು ಹೊತ್ತಾಯ್ತು. ಇಲಿ ಓಡಾಡಿದ್ರೂ ಕೇಳಿಸಬೇಕು, ಅಷ್ಟು ನಿಶ್ಶಬ್ದ. ಇದರಲ್ಲೂ ಜೇನು ಹುಡುಕ್ತೀಯಾ?"

ಮಗಳ ಕಣ್ಣು ತುಂಬಿತು. ಕಣ್ಣೀರನ್ನು ಮೇಷ್ಟ್ರು ಎಂದೂ ಪುರಾವೆಯೆಂದು ಒಪ್ಪಿದವರಲ್ಲ, ಮುಖ ತಿರುಗಿಸಿಕೊಂಡರು. ಅವಳು ಕುರ್ಚಿಯ ಪಕ್ಕಕ್ಕೆ ಬಂದು ಕೂತು, ಅವರ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು.

"ಅಪ್ಪ, ಎರಡನೇ ಜೋಡೀಲಿ ಒಂದು ವಾಲ್ವ್ ಕೆಟ್ಟಿದೆ. ಹಾಕಿದಾಗಿನಿಂದ ಕಿವಿ ತೂತಾಗೋ ಹಾಗೆ ಸಿಳ್ಳೆ ಹೊಡೀತಾನೇ ಇದೆ. ಈಗಲೂ."